ಅಂಗಡಿಯ ಟೇಪು ಬೇರೆ, ಆರೋಗ್ಯದ ಟೇಪು ಬೇರೆ

ಗಂಡನಿಗೆ ಟೋಕಿಯೋಗೋ ಸಿಂಗಪುರಕ್ಕೋ ಕೆಲಸ ಸಿಕ್ಕಿತು ಅಂದಾಗ ನಾವು ಮೊದಲು ಯೋಚಿಸುವುದು ಅಡುಗೆ ಸಾಮಾನಿನ ಬಗ್ಗೆ. ಸಾರಿನ ಪುಡಿ, ಹುಣಸೆಹಣ್ಣು, ಕುಕ್ಕರ್ ಗ್ಯಾಸ್ಕೆಟ್ ಎಲ್ಲ ಸೂಟ್‌ಕೇಸ್ ಸೇರುತ್ತವೆ. ‘ಬಟ್ಟೆ ತಾನೇ, ಅಲ್ಲೇ ತಗೊಂಡ್ರಾಯ್ತು’ ಅಂದುಕೊಳ್ಳುತ್ತೇವೆ. ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ‘ಮೀಡಿಯಂ’ ಹಾಕುತ್ತಿದ್ದವಳಿಗೆ ಅಲ್ಲಿ ‘ಲಾರ್ಜ್’ ಕೂಡ ತೋಳಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಗಡಿಯ ಹುಡುಗಿ ನಗುನಗುತ್ತಲೇ ‘ಇಲ್ಲ’ ಅಂತ ತಲೆಯಾಡಿಸುತ್ತಾಳೆ. ಮನೆಗೆ ಬಂದವಳು ಅಂದಿನಿಂದಲೇ ರಾತ್ರಿ ಊಟ ಬಿಡುತ್ತಾಳೆ. ನಿಜವಾದ ತೊಂದರೆ ಶುರುವಾಗುವುದೇ ಇಲ್ಲಿ.

ಆ ನಂಬರ್ ಯಾರದು?

ಜಪಾನಿನಲ್ಲಿ ಹೆಂಗಸರ ಉಡುಪಿಗೆ 7, 9, 11, 13 ಎಂಬ ನಂಬರ್‌ಗಳಿವೆ. ಅಲ್ಲಿನ ‘ಮೀಡಿಯಂ’ ಅಂದರೆ 9. ಸುಮಾರು 158 ಸೆಂ.ಮೀ. ಎತ್ತರ, 83 ಸೆಂ.ಮೀ. ಎದೆ, 91 ಸೆಂ.ಮೀ. ಸೊಂಟದ ಕೆಳಗಿನ ಸುತ್ತಳತೆ ಇರುವ ಹೆಂಗಸಿಗೆ ಹೊಲಿದ ಅಳತೆ ಅದು. ಕೊರಿಯಾದಲ್ಲಿ 44, 55, 66 ಎನ್ನುತ್ತಾರೆ. 155 ಸೆಂ.ಮೀ. ಎತ್ತರ, 85 ಸೆಂ.ಮೀ. ಎದೆಯಳತೆಯ ಕೊನೆಯ ಅಂಕಿಗಳನ್ನು ಜೋಡಿಸಿದ್ದೇ 55! ಅಧಿಕೃತ ಲೇಬಲ್‌ಗಳು ಸೆಂಟಿಮೀಟರ್‌ಗೆ ಬದಲಾದರೂ ಬಾಯಿಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಸಿಂಗಪುರದ ಬೂಗಿಸ್ ಸ್ಟ್ರೀಟ್‌ನಂಥ ಕಡೆ ನೇತುಹಾಕಿರುವ ‘ಫ್ರೀ ಸೈಜ್’ ಟಾಪ್‌ಗಳೂ ಹೆಚ್ಚುಕಡಿಮೆ ಇಂಥ ಸಣ್ಣ ಮೈಕಟ್ಟಿಗೇ ಹೊಲಿದವು. ಹೆಸರಿಗೆ ಮಾತ್ರ ಫ್ರೀ!

ಅಂದರೆ ಆ ನಂಬರ್ ಆ ಊರಿನ ಹೆಂಗಸರ ಸರಾಸರಿ ಮೈಕಟ್ಟಿನ ಲೆಕ್ಕ. ನಮ್ಮ ತೋಳು, ಎದೆ, ಸೊಂಟದ ರಚನೆಯೇ ಬೇರೆ. ಹತ್ತು ಕೆಜಿ ಇಳಿಸಿದರೂ ಭುಜದ ಮೂಳೆ ಚಿಕ್ಕದಾಗುತ್ತದೆಯೇ?

ಹಾಗಾದರೆ ತೂಕ ಲೆಕ್ಕಕ್ಕಿಲ್ಲವೇ?

ಖಂಡಿತ ಇದೆ. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಏಷ್ಯಾದವರಲ್ಲಿ ಬಿಎಂಐ 23 ದಾಟಿದರೇ ಎಚ್ಚರ ವಹಿಸಬೇಕೆಂದರು. 155 ಸೆಂ.ಮೀ., ಅಂದರೆ ಐದಡಿ ಒಂದಿಂಚು ಎತ್ತರದವರಿಗೆ ಇದು ಸುಮಾರು 55 ಕೆಜಿ. ತೂಕಕ್ಕಿಂತಲೂ ಮುಖ್ಯವಾದದ್ದು ಹೊಟ್ಟೆಯ ಸುತ್ತಳತೆ. ನಮ್ಮ ಹೆಂಗಸರಿಗೆ ಅದು 80 ಸೆಂ.ಮೀ., ಅಂದರೆ ಮೂವತ್ತೊಂದೂವರೆ ಇಂಚು ದಾಟಬಾರದು. ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವುದು ನೀವೇ! ಇದು 80ರೊಳಗಿದ್ದು, ಬಿಎಂಐ ಕೂಡ ಸರಿಯಿದ್ದರೆ ಅಂಗಡಿಯ ಲೇಬಲ್‌ಗೆ ಹೆದರಬೇಕಿಲ್ಲ. ದಾಟಿದ್ದರೆ ಬಟ್ಟೆಗಾಗಿ ಅಲ್ಲ, ನಿಮಗಾಗಿ ಇಳಿಸಿ.

ತೂಕ ಏರುವುದೇಕೆ?

ಜಪಾನಿಗೆ ಹೋದ ಸಸ್ಯಾಹಾರಿಗಳಿಗೆ ಒಂದು ವಿಚಿತ್ರ ಕಷ್ಟ. ಅಲ್ಲಿನ ಬಹುಪಾಲು ಸೂಪು, ಸಾಸುಗಳಿಗೆ ಒಣಮೀನಿನ ‘ದಾಶಿ’ ಬೀಳುತ್ತದೆ. ಹಾಗಾಗಿ ಹೊರಗೆ ಹೋದಾಗ ಉಳಿಯುವುದು ಬಿಳಿ ಅನ್ನ, ಬ್ರೆಡ್, ಚಿಪ್ಸ್. ಮೈ ಬಾರದೆ ಇರುತ್ತದೆಯೇ? ಸಿಂಗಪುರದಲ್ಲಿ ಕಾಫಿ, ಟೀಯದೇ ಗಂಡಾಂತರ. ಬರೀ ‘ಕೊಪಿ’ ಅಂದರೆ ಸಿಹಿಯಾದ ಕಂಡೆನ್ಸ್‌ಡ್ ಹಾಲು ಹಾಕಿಯೇ ಕೊಡುತ್ತಾರೆ. ‘ಕೊಪಿ ಸಿ ಕೊಸೊಂಗ್’ ಅಂದರೆ ಸಕ್ಕರೆಯಿಲ್ಲದ ಹಾಲಿನ ಕಾಫಿ. ದಿನಕ್ಕೆ ಮೂರು ಲೋಟ ಕುಡಿಯುವವರು ಈ ಒಂದು ಮಾತು ಕಲಿತರೂ ಸಾಕು. 2022ರ ಡಿಸೆಂಬರ್‌ನಿಂದ ಅಲ್ಲಿ ಪ್ಯಾಕೆಟ್ ಪಾನೀಯಗಳಿಗೆ ‘ಎ’ಯಿಂದ ‘ಡಿ’ವರೆಗೆ ಗ್ರೇಡ್ ಇದೆ. ‘ಸಿ’, ‘ಡಿ’ ಕಂಡರೆ ವಾಪಸ್ ಇಟ್ಟುಬಿಡಿ.

ಊಟ ಬಿಡುವುದಂತೂ ಬೇಡವೇ ಬೇಡ. ಸೌತೆಕಾಯಿ, ಗ್ರೀನ್ ಟೀಯಲ್ಲೇ ದಿನ ದೂಡಿದರೆ ಕೂದಲು ಉದುರುವುದು, ತಲೆಸುತ್ತು, ಸುಸ್ತು ಎಲ್ಲ ಒಂದೊಂದಾಗಿ ಬರುತ್ತವೆ. ಮೊದಲೇ ರಕ್ತಹೀನತೆ ಇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳವಾಯಿತು. ಅನ್ನ ಅರ್ಧ ಮಾಡಿ, ಕೋಸಂಬರಿ, ಬಸ್ಸಾರಿನ ಕಾಳುಪಲ್ಯ ಹೆಚ್ಚಿಸಿ. ಅಲ್ಲಿ ಸುಲಭವಾಗಿ ಸಿಗುವ ತೋಫುವನ್ನು ಪನೀರ್‌ನಂತೆ ಒಗ್ಗರಣೆಗೆ ಹಾಕಬಹುದು. ಎಡಮಾಮೆ ಅನ್ನುವ ಹಸಿ ಸೋಯಾಕಾಯಿಯನ್ನು ಉಪ್ಪು ಹಾಕಿ ಬೇಯಿಸಿದರೆ, ಅವರೆಕಾಯಿ ಬೇಯಿಸಿ ತಿಂದ ಹಾಗೇ ಇರುತ್ತದೆ. ಬಸ್ಸು, ರೈಲಿಗಾಗಿ ದಿನಾ ನಡೆಯುವುದಂತೂ ಅಲ್ಲಿ ಇದ್ದೇ ಇದೆ, ಜಿಮ್ಮಿಗೆ ದುಡ್ಡು ಸುರಿಯಬೇಕಿಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರು, ಮಗುವಿಗೆ ಹಾಲೂಡಿಸುವವರು ವೈದ್ಯರನ್ನು ಕೇಳದೆ ಡಯೆಟ್ ಶುರುಮಾಡಬೇಡಿ.

ಶಾಪಿಂಗ್‌ಗೆ ಹೊರಡುವ ಮುನ್ನ

* ಎದೆ, ಸೊಂಟ, ತೋಳು, ಭುಜದ ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಬರೆದಿಟ್ಟುಕೊಳ್ಳಿ. ಪರ್ಸಿನಲ್ಲಿ ಒಂದು ಟೇಪು ಇರಲಿ. ಟ್ರಯಲ್‌ಗೆ ಬಿಡದ ಅಂಗಡಿಯಲ್ಲಿ ಬಟ್ಟೆಯನ್ನೇ ಅಳೆದು ನೋಡಬಹುದು.

* ಜಪಾನಿನಲ್ಲಿ ‘ಎಲ್‌ಎಲ್’, ‘3ಎಲ್’ ಎಂಬ ಲೇಬಲ್ ಕೇಳಿ. ದೊಡ್ಡ ಮಳಿಗೆಗಳಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿರುತ್ತದೆ. ಟ್ರಯಲ್ ರೂಮಿನ ಹೊರಗೆ ಚಪ್ಪಲಿ ಬಿಡಬೇಕು. ಮೇಕಪ್ ತಾಗದಿರಲು ಮುಖಕ್ಕೆ ಹಾಕಿಕೊಳ್ಳುವ ತೆಳು ಮುಸುಕು ಕೊಡುತ್ತಾರೆ, ಗಾಬರಿಯಾಗಬೇಡಿ.

* ಒಳ ಉಡುಪಿನ ನಂಬರ್ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ಒಂದು ವರ್ಷಕ್ಕಾಗುವಷ್ಟು ಊರಿನಿಂದಲೇ ಒಯ್ಯಿರಿ.

* ಚೂಡಿದಾರ್, ಬ್ಲೌಸ್ ಹೊಲಿಸುವಾಗ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಲು ಟೈಲರಿಗೆ ಹೇಳಿ. ಆಮೇಲೆ ಹೊಲಿಗೆ ಬಿಚ್ಚಿದರೆ ಸಾಕು.

* ಸಿಂಗಪುರದವರಿಗೆ ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರ್‌ನ ಮಹಡಿಯಲ್ಲಿ ಭಾರತೀಯ ಉಡುಪಿನ ಅಂಗಡಿಗಳೂ ಟೈಲರ್‌ಗಳೂ ಸಿಗುತ್ತಾರೆ. ಹೊಲಿಗೆ ಕೂಲಿ ಮಾತ್ರ ಮೊದಲೇ ಕೇಳಿಕೊಳ್ಳಿ.

* ‘ಸಣ್ಣಗಾದ ಮೇಲೆ ಹಾಕ್ಕೋತೀನಿ’ ಅಂತ ಬಿಗಿ ಬಟ್ಟೆ ಕೊಳ್ಳಲೇಬೇಡಿ. ಬೀರು ತೆಗೆದಾಗಲೆಲ್ಲ ಅದು ನಿಮ್ಮನ್ನು ಅಣಕಿಸುತ್ತದೆ.

ಇನ್ನು ಒಂದು ಮಾತು. ಮಗಳು, ಸೊಸೆ ವಿದೇಶದಿಂದ ವಿಡಿಯೋ ಕರೆ ಮಾಡಿದಾಗ ‘ದಪ್ಪ ಆಗಿದ್ದೀಯಲ್ಲೇ’ ಅನ್ನುವ ಮೊದಲು ‘ಊಟ ಆಯ್ತಾ ಕಂದಾ’ ಅಂತ ಕೇಳಿ. ಅಂಗಡಿಯಲ್ಲಿ ಅವಳಾಗಲೇ ಸಾಕಷ್ಟು ಕೇಳಿಸಿಕೊಂಡಿರುತ್ತಾಳೆ.