ಲೆಕ್ಕ ಆಮೇಲೆ, ಮೊದಲು ಆಯಿ ಫೋಟೊ!

ನಮ್ಮೂರು ಕಮಲಾಪುರ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಎಂದರೆ ನಿಮಗೂ ಗೊತ್ತಾಗುತ್ತದೆ. ನಾನು ಕಲಬುರಗಿಯಲ್ಲಿ ಬಿಇ ಓದುತ್ತಿದ್ದೇನೆ. ಅಪ್ಪನ ಬಾಳೆ ತೋಟದ ಕಂದು, ಗೊಬ್ಬರ, ಕೂಲಿಯ ಲೆಕ್ಕ ಇಡಲು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಅದು ಓಡುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿನ ವರ್ಚುವಲ್‌ಬಾಕ್ಸ್‌ನಲ್ಲಿದ್ದ ಉಬುಂಟುವಿನಲ್ಲಿ. ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. ಅದರ ಹಾರ್ಡ್‌ಡಿಸ್ಕ್ ಎಂಬುದು ಬರೀ ಒಂದು ಫೈಲ್!

‘ಲೆಕ್ಕ ನೋಡಬೇಕಂದ್ರ ನೀ ಊರಿಗೆ ಬರೂತನಕ ಕಾಯಬೇಕೇನು?’ ಎಂದು ಅಪ್ಪ ರೇಗಿದ. ಡೇಟಾಬೇಸ್, ಕನ್ನಡ ಫಾಂಟು ಎಲ್ಲ ಹೊಂದಿಸಲು ತಿಂಗಳು ಹಿಡಿದಿತ್ತು. ಮತ್ತೆ ಮೊದಲಿನಿಂದ ಯಾರು ಮಾಡುತ್ತಾರೆ? ಆ ಡಿಸ್ಕನ್ನೇ ಇಡಿಯಾಗಿ ಮನೆಯ ಹಳೇ ಕಂಪ್ಯೂಟರಿಗೆ ಸಾಗಿಸಲು ನಿರ್ಧರಿಸಿದೆ.

ರೂಮಿನಲ್ಲಿ ಕುಳಿತು ವಿಡಿಐ ಫೈಲನ್ನು ರಾ ಇಮೇಜಿಗೆ ಬದಲಿಸಿದೆ. 9 ಜಿಬಿ ಇದ್ದದ್ದು 25 ಜಿಬಿ ಆಯಿತು! ವಿಡಿಐ ಬಳಸಿದಷ್ಟೇ ಜಾಗ ಹಿಡಿದರೆ, ರಾ ಖಾಲಿ ಜಾಗವನ್ನೂ ಸೇರಿಸಿಕೊಳ್ಳುತ್ತದೆ. 32 ಜಿಬಿ ಪೆನ್‌ಡ್ರೈವ್ ಕೂಡ ಮೊಂಡು ಹಿಡಿಯಿತು. ಎಫ್‌ಎಟಿ32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಶನಿವಾರ ಹುಮನಾಬಾದ್ ಬಸ್ ಹತ್ತಿದೆ.

ಮನೆಯಲ್ಲಿ ಇನ್ನೊಂದು ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು ಶುರು ಮಾಡಿದೆ. ಡಿಸ್ಕಿನ ಹೆಸರನ್ನು ಎರಡು ಸಲ ನೋಡಿಕೊಂಡು ‘ಡಿಡಿ’ ಕಮಾಂಡ್ ಟೈಪಿಸಿದೆ. ಇನ್ನೇನು ಎಂಟರ್ ಒತ್ತಬೇಕು, ಹಿಂದಿನಿಂದ ಅಪ್ಪ ಕೇಳಿದ: ‘ಅದರಾಗ ಆಯಿ ಫೋಟೊ ಅದಾವಲ್ಲ?’

ಬೆರಳು ಅಲ್ಲೇ ನಿಂತಿತು. ಡಿಡಿ ‘ಅಳಿಸಲೇ?’ ಎಂದು ಕೇಳುವುದಿಲ್ಲ, ಮೊದಲ ಬೈಟಿನಿಂದಲೇ ಹಳೆಯದರ ಮೇಲೆ ಬರೆಯುತ್ತ ಹೋಗುತ್ತದೆ. ಆಯಿ ತೀರಿಕೊಂಡು ಮೂರು ವರ್ಷ. ಬಾಳೆಗೊನೆ ಹಿಡಿದು ನಗುವ ಆ ಫೋಟೊಗಳು ಬೇರೆಲ್ಲೂ ಇರಲಿಲ್ಲ. ಡಿಸ್ಕಿನ ಹೆಸರು ಎರಡು ಸಲ ನೋಡಿದ ನಾನು, ಒಳಗೆ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮೊದಲು ಫೋಟೊಗಳನ್ನು ಲ್ಯಾಪ್‌ಟಾಪಿಗೂ ಅಪ್ಪನ ಮೊಬೈಲಿಗೂ ಕಾಪಿ ಮಾಡಿದೆ. ಆಮೇಲೆ ಎಂಟರ್.

ರೀಸ್ಟಾರ್ಟ್ ಮಾಡಿದರೆ ಬೂಟ್ ಡಿವೈಸೇ ಇಲ್ಲವಂತೆ! ನನ್ನ ವರ್ಚುವಲ್ ಮಷೀನ್ ಹಳೇ ಬಯೋಸ್ ಪದ್ಧತಿಯದು, ಮನೆಯ ಕಂಪ್ಯೂಟರ್ ಯುಇಎಫ್‌ಐನಲ್ಲಿತ್ತು. ಸೆಟಿಂಗ್ಸ್‌ನಲ್ಲಿ ‘ಲೆಗಸಿ’ ಆರಿಸಿದ ಮೇಲೆ ಉಬುಂಟು ಕಣ್ಣು ಬಿಟ್ಟಿತು. ತೋಟದ ಲೆಕ್ಕವೆಲ್ಲ ಇದ್ದ ಹಾಗೇ ಇತ್ತು.

ನೀವೂ ಇಂಥ ಸಾಹಸಕ್ಕಿಳಿದರೆ, ಎಂಟರ್ ಒತ್ತುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ. ಹೆಮ್ಮೆಯಿಂದ ಪ್ರೋಗ್ರಾಂ ತೆರೆದು ಅಪ್ಪನನ್ನು ಕರೆದೆ. ಕುರ್ಚಿ ಎಳೆದುಕೊಂಡು ಕೂತು ಅಪ್ಪ ಅಂದ: ‘ಲೆಕ್ಕ ಆಮ್ಯಾಲ ನೋಡೂಣು. ಮೊದಲ ಆಯಿ ಫೋಟೊ ಹಾಕು.’