ಕಡಲ ತಡಿಯ ತಂಗುಮನೆ

ದಾರಿ ನಡೆದು ಬಂದವನಿಗೆ ಒಂದು ರಾತ್ರಿಯ ನೆಲೆ ಒದಗಿಸುವುದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನಡೆದುಬಂದ ಧರ್ಮ. ಊರ ಮುಂದಿನ ಅರವಟ್ಟಿಗೆ, ದಾರಿಯ ಬದಿಯ ಛತ್ರ, ಮಠದ ಪಡಸಾಲೆ, ಗುಡಿಯ ಪೌಳಿ ಇವೆಲ್ಲ ಆ ಧರ್ಮದ ಗುರುತುಗಳು. ಮನೆಗೆ ಬಂದವನನ್ನು ಹೇಗೆ ಕಾಣಬೇಕೆಂಬುದನ್ನು ನಮ್ಮ ಹಿರಿಯರು ಮತ್ತೆ ಮತ್ತೆ ಹೇಳಿದ್ದಾರೆ. ಆದರೆ ಬಂದವನು ಹೇಗೆ ನಡೆದುಕೊಳ್ಳಬೇಕು? ಆತಿಥ್ಯ ನೀಡುವವನು ಮನುಷ್ಯನಾದರೆ ಅತಿಥಿಯ ತಪ್ಪನ್ನು ಮಾತಿನಿಂದಲೋ ಮುಖಭಾವದಿಂದಲೋ ತಿಳಿಸಬಲ್ಲನು. ಕಾಡು ಮತ್ತು ಕಡಲು ಹಾಗೆ ತಿಳಿಸಲಾರವು. ಆದುದರಿಂದ ಅವುಗಳ ಅಂಗಳದಲ್ಲಿ ಒಂದು ರಾತ್ರಿ ಕಳೆಯುವವನು ತನ್ನ ಕರ್ತವ್ಯವನ್ನು ತಾನೇ ಅರಿತಿರಬೇಕಾಗುತ್ತದೆ.

ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿ ಅಮ್ಮಿನಬಾವಿ ಎಂಬ ಹಳೆಯ ಊರಿದೆ. ಸುತ್ತ ಎರೆಭೂಮಿ, ಊರ ಹೆಸರಿನಲ್ಲಿಯೇ ಬಾವಿಯುಂಟು. ಬಯಲುಸೀಮೆಯ ಜನರು ನೀರನ್ನು ಎಷ್ಟು ಬೆಲೆಯುಳ್ಳದ್ದೆಂದು ಎಣಿಸಿದ್ದರೆಂಬುದಕ್ಕೆ ಇಂತಹ ಹೆಸರುಗಳೇ ಸಾಕ್ಷಿ. ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ಹೋಗುವ ಮಲಪ್ರಭೆಯ ನೀರನ್ನು ಶುದ್ಧಗೊಳಿಸುವ ಕೇಂದ್ರವೂ ಈ ಊರಿನಲ್ಲಿದೆ. ಮಲಪ್ರಭೆಯು ಪಶ್ಚಿಮ ಘಟ್ಟದಲ್ಲಿ ಹುಟ್ಟಿದರೂ ಪೂರ್ವಕ್ಕೆ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯಾದರೋ ಪಶ್ಚಿಮದ ಹಾದಿ ಹಿಡಿಯುತ್ತದೆ. ಅದರ ನೀರು ಬೇಡ್ತಿಯನ್ನು ಕೂಡಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಹೀಗೆ ಧಾರವಾಡದ ನೆಲದಲ್ಲಿ ಬಿದ್ದ ಮಳೆಯ ಒಂದು ಪಾಲು ಕಾಡನ್ನು ಹಾದು ಪಡುವಣ ಕಡಲಿಗೆ ಹೋಗುತ್ತದೆ. ಬಯಲಿನ ಬಾವಿಗೂ ಕಡಲ ಅಲೆಗೂ ಸಂಬಂಧವಿಲ್ಲವೆಂದು ತಿಳಿಯುವುದು ಸರಿಯಲ್ಲ.

ಅಮ್ಮಿನಬಾವಿಯಿಂದ ಹೊರಟ ಪ್ರವಾಸಿಗನು ಆ ಕಡಲನ್ನು ಒಂದೇ ಹಗಲಿನಲ್ಲಿ ತಲುಪಬಹುದು. ಧಾರವಾಡ, ಹಳಿಯಾಳ, ದಾಂಡೇಲಿ, ಜೊಯಿಡಾ, ಅಣಶಿ, ಕದ್ರಾ ಮಾರ್ಗವಾಗಿ ಕಾರವಾರಕ್ಕೆ ಸುಮಾರು 170 ಕಿಲೋಮೀಟರ್ ದೂರವಾಗುತ್ತದೆ. ಹೊರಟ ಸ್ಥಳವು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 80 ಸೆಂಟಿಮೀಟರಿನ ಆಸುಪಾಸು. ಮುಟ್ಟುವ ಸ್ಥಳದಲ್ಲಿ ಮಳೆ 300 ಸೆಂಟಿಮೀಟರಿನಷ್ಟು. ಇವೆರಡರ ನಡುವೆ ಜೋಳ ಹತ್ತಿಗಳ ಹೊಲ ಮುಗಿದು, ಭತ್ತದ ಗದ್ದೆ ಕಾಣಿಸಿಕೊಂಡು, ಸಾಗುವಾನಿ ಬಿದಿರುಗಳ ಕಾಡು ಬಂದು, ಬಳಿಕ ಬಿಸಿಲು ನೆಲವನ್ನು ಮುಟ್ಟಲಾರದಷ್ಟು ದಟ್ಟವಾದ ನಿತ್ಯಹರಿದ್ವರ್ಣದ ಅಡವಿ ಎದುರಾಗುತ್ತದೆ.

ಈ ಅಡವಿಯೇ ಅಣಶಿ ರಾಷ್ಟ್ರೀಯ ಉದ್ಯಾನ. 1987ರಲ್ಲಿ ರೂಪುಗೊಂಡ ಇದರ ವಿಸ್ತಾರ ಸುಮಾರು 340 ಚದರ ಕಿಲೋಮೀಟರ್. ದಾಂಡೇಲಿ ಅಭಯಾರಣ್ಯದೊಡನೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಇದಕ್ಕೆ, 2015ರಲ್ಲಿ ಕಾಳಿ ನದಿಯ ಹೆಸರನ್ನು ಇಡಲಾಯಿತು. ರಾಷ್ಟ್ರೀಯ ಉದ್ಯಾನವೆಂದರೆ ಹೂಗಿಡಗಳ ತೋಟವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ, ಮರ ಕಡಿತ, ದನ ಮೇಯಿಸುವಿಕೆ ಮೊದಲಾದವುಗಳಿಂದ ಮುಕ್ತವಾಗಿ, ಕಾಡು ತನ್ನ ಪಾಡಿಗೆ ತಾನು ಬದುಕಲೆಂದು ಗಡಿ ಹಾಕಿ ಬಿಟ್ಟ ಭೂಮಿ ಅದು. ಕರ್ನಾಟಕದ ಯಾವ ರಾಷ್ಟ್ರೀಯ ಉದ್ಯಾನವೂ ಕಡಲನ್ನು ಮುಟ್ಟುವುದಿಲ್ಲ. ಆದರೆ ಅಣಶಿಯ ಕಾಡಿನ ನೀರು ಕಡಲನ್ನು ಮುಟ್ಟುತ್ತದೆ. ಜೊಯಿಡಾ ತಾಲೂಕಿನ ಘಟ್ಟದಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿಯುವ ಕಾಳಿಯು ಕಾರವಾರದ ಬಳಿ ಸಮುದ್ರವನ್ನು ಕೂಡುತ್ತದೆ. ಆ ಅಳಿವೆಯ ಉತ್ತರ ದಂಡೆಯಲ್ಲಿ ಸದಾಶಿವಗಡದ ಗುಡ್ಡವಿದೆ. ಅದರ ಆಚೆ ದೇವಬಾಗದ ಮರಳದಂಡೆ ಚಾಚಿಕೊಂಡಿದೆ.

ಪ್ರವಾಸಿಗರು ಕಾಡಿನಲ್ಲಿ ತಂಗುವ ಪದ್ಧತಿಗೆ ನಮ್ಮಲ್ಲಿ ಹಳೆಯ ಚರಿತ್ರೆಯುಂಟು. ಬ್ರಿಟಿಷರ ಕಾಲದಲ್ಲಿ ಅರಣ್ಯಾಧಿಕಾರಿಗಳು ಸಂಚಾರ ಹೋದಾಗ ಇಳಿದುಕೊಳ್ಳಲೆಂದು ಹೆಂಚಿನ ಮಾಡಿನ ವಿಶ್ರಾಂತಿಗೃಹಗಳನ್ನು ಕಟ್ಟಲಾಯಿತು. ಒಂದು ಜಗಲಿ, ಒಂದೆರಡು ಕೋಣೆ, ಹಿಂದೊಂದು ಅಡುಗೆಮನೆ ಇಷ್ಟೇ ಅವುಗಳ ಅನುಕೂಲ. ಸಾಮಾನ್ಯ ಜನರೂ ಕಾಡನ್ನು ಕಂಡು ಪ್ರೀತಿಸುವಂತಾಗಲೆಂದು 1980ರಲ್ಲಿ ಜಂಗಲ್ ಲಾಡ್ಜಸ್ ಎಂಬ ಸಂಸ್ಥೆ ಕರ್ನಾಟಕದಲ್ಲಿ ಸ್ಥಾಪನೆಯಾಯಿತು. ಕಬಿನಿಯ ದಡದಂತಹ ಒಳನಾಡಿನ ನೆಲೆಗಳಲ್ಲಿ ತಂಗುಮನೆಗಳನ್ನು ನಡೆಸಿದ ಈ ಸಂಸ್ಥೆಯು ಕಡಲ ತಡಿಯ ನೆಲೆಯಾಗಿ ದೇವಬಾಗವನ್ನು ಆರಿಸಿಕೊಂಡಿತು.

ದೇವಬಾಗದಲ್ಲಿ ಕಟ್ಟಿದ ತಂಗುಮನೆಗಳು ಅರಮನೆಗಳಲ್ಲ. ಕಾರವಾರದ ಕಡೆಯಿಂದ ದೋಣಿಯಲ್ಲಿ ಅಳಿವೆಯನ್ನು ದಾಟಿದರೆ ಗಾಳಿಮರಗಳ ತೋಪು. ಆ ತೋಪಿನ ನೆರಳಿನಲ್ಲಿ ಕಂಬಗಳ ಮೇಲೆ ಎತ್ತರಿಸಿ ನಿಲ್ಲಿಸಿದ ಮರದ ಕುಟೀರಗಳು. ಈ ಸರಳತೆಗೆ ಕಾರಣಗಳಿವೆ. ಮರಳಿನ ನೆಲ ಸ್ಥಿರವಲ್ಲ. ಗಾಳಿ ಬೀಸಿದಂತೆ ಅದು ಸರಿಯುತ್ತದೆ. ಗಟ್ಟಿಯಾದ ಗೋಡೆಯನ್ನು ಅಡ್ಡ ಕಟ್ಟಿದರೆ ಒಂದು ಮಗ್ಗುಲಲ್ಲಿ ಮರಳು ಗುಡ್ಡೆಯಾಗಿ, ಮತ್ತೊಂದು ಮಗ್ಗುಲಲ್ಲಿ ನೆಲ ಕೊರೆದುಹೋಗುತ್ತದೆ. ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ಗಾಳಿಯೂ ಮರಳೂ ತಡೆಯಿಲ್ಲದೆ ಸಾಗುತ್ತವೆ. ಉಪ್ಪುಗಾಳಿಯು ಕಬ್ಬಿಣವನ್ನು ಬೇಗನೆ ತಿನ್ನುತ್ತದೆ. ಮರವು ಅದನ್ನು ಹೆಚ್ಚು ಕಾಲ ತಾಳುತ್ತದೆ. ಬೇಡವೆನಿಸಿದ ದಿನ ಮರದ ಮನೆಯನ್ನು ಬಿಚ್ಚಿ ಒಯ್ಯಬಹುದು. ನೆಲದಲ್ಲಿ ಅದರ ಗುರುತು ಉಳಿಯುವುದಿಲ್ಲ.

ಇಂತಹ ಮನೆಯಲ್ಲಿ ಉಳಿದವನಿಗೆ ಹೊತ್ತು ಕಳೆಯಲು ಕಡಲೇ ಸಾಕು. ಹಗಲಿನಲ್ಲಿ ಬಿಸಿಲಿಗೆ ನೆಲವು ನೀರಿಗಿಂತ ಬೇಗನೆ ಕಾಯುತ್ತದೆ. ನೆಲದ ಮೇಲಿನ ಗಾಳಿ ಕಾದು ಹಗುರಾಗಿ ಮೇಲೇರಿದಾಗ ಆ ಸ್ಥಳವನ್ನು ತುಂಬಲು ಕಡಲ ಕಡೆಯಿಂದ ತಂಪುಗಾಳಿ ಬೀಸುತ್ತದೆ. ರಾತ್ರಿ ನೆಲ ಬೇಗನೆ ಆರುತ್ತದೆ, ನೀರು ನಿಧಾನವಾಗಿ ಆರುತ್ತದೆ. ಆಗ ಗಾಳಿ ನೆಲದಿಂದ ಕಡಲಿನತ್ತ ತಿರುಗುತ್ತದೆ. ಯಂತ್ರದ ದೋಣಿಗಳು ಬರುವ ಮೊದಲು ಮೀನುಗಾರರು ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಟು, ಮಧ್ಯಾಹ್ನದ ಕಡಲಗಾಳಿಗೆ ಹಾಯಿಯೊಡ್ಡಿ ಮರಳುತ್ತಿದ್ದರು. ಉಬ್ಬರ ಇಳಿತಗಳಿಗೂ ಇಂತಹದೇ ಕ್ರಮವಿದೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ಆದುದರಿಂದ ಇಂದು ಕಂಡ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದುಗೂಡುವುದರಿಂದ ನೀರು ಹೆಚ್ಚು ಮೇಲೇರಿ ಹೆಚ್ಚು ಕೆಳಗಿಳಿಯುತ್ತದೆ. ಕೈಗಡಿಯಾರವನ್ನು ನೋಡಿ ಬದುಕುವವನು ಇಲ್ಲಿ ಒಂದೆರಡು ದಿನ ಚಂದ್ರನನ್ನು ನೋಡಿ ಬದುಕುವುದನ್ನು ಕಲಿಯುತ್ತಾನೆ.

ರಾತ್ರಿಯ ದಡಕ್ಕೆ ಇನ್ನೊಬ್ಬ ಅತಿಥಿಯುಂಟು. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಕಾರವಾರದ ಸುತ್ತಣ ಮರಳದಂಡೆಗಳಿಗೆ ಮೊಟ್ಟೆಯಿಡಲು ಬರುತ್ತವೆ. ತಾಯಿಯಾಮೆಯು ಉಬ್ಬರದ ಗೆರೆಯ ಮೇಲೆ ಕುಳಿ ತೋಡಿ, ಒಂದು ಸಲಕ್ಕೆ ನೂರರಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಬಿಸಿಲಿನ ಕಾವೇ ಅವುಗಳನ್ನು ಮರಿ ಮಾಡುತ್ತದೆ. ಮರಿಗಳು ಸಾಮಾನ್ಯವಾಗಿ ರಾತ್ರಿಯಲ್ಲಿ ಮರಳಿನಿಂದ ಮೇಲೆ ಬಂದು, ಎಲ್ಲಿ ಹೆಚ್ಚು ಬೆಳಕು ಕಾಣುವುದೋ ಆ ಕಡೆಗೆ ಹರಿದಾಡುತ್ತವೆ. ಮನುಷ್ಯನ ದೀಪವಿಲ್ಲದ ದಡದಲ್ಲಿ ನಕ್ಷತ್ರ ಚಂದ್ರರ ಬೆಳಕನ್ನು ಪ್ರತಿಫಲಿಸುವ ಕಡಲೇ ಹೆಚ್ಚು ಬೆಳಗಿರುವುದರಿಂದ ಅವು ದಾರಿ ತಪ್ಪುವುದಿಲ್ಲ. ತಂಗುಮನೆಯ ಜಗಲಿಯಲ್ಲಿ ಪ್ರಖರವಾದ ದೀಪವೊಂದು ಉರಿದರೆ ಮರಿಗಳು ಕಡಲನ್ನು ಬಿಟ್ಟು ದೀಪದ ಕಡೆಗೆ ತಿರುಗುತ್ತವೆ. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆ, ಬಿಸಿಲುಗಳಿಗೆ ಬಲಿಯಾಗುತ್ತವೆ. ಕಡಲ ತಡಿಯ ಮನೆಯಲ್ಲಿ ದೀಪ ಮಂದವಾಗಿರಬೇಕೆಂಬ ನಿಯಮದ ಹಿಂದೆ ಇಂತಹ ನೂರು ಜೀವಗಳ ಪ್ರಶ್ನೆಯಿದೆ.

ಈ ದಡ ಯಾರದೂ ಅಲ್ಲದ ಬಯಲಲ್ಲ. ಮೀನುಗಾರರ ದೋಣಿಗಳು ತಂಗುವುದು, ಬಲೆಗಳು ಒಣಗುವುದು ಇಲ್ಲಿಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಳ ಸಂತಾನ ಬೆಳೆಯಲೆಂದು ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ರಾಜ್ಯದಲ್ಲಿ ನಿಷೇಧಿಸಲಾಗುತ್ತದೆ. ತಮ್ಮ ಹೊಟ್ಟೆಪಾಡನ್ನೇ ಎರಡು ತಿಂಗಳು ತಡೆಹಿಡಿಯುವ ಈ ಜನರ ಎದುರಿನಲ್ಲಿ, ಎರಡು ದಿನದ ಅತಿಥಿಯು ತನ್ನ ಸುಖದಲ್ಲಿ ಒಂದಿಷ್ಟು ಕಡಿಮೆ ಮಾಡಿಕೊಳ್ಳುವುದು ದೊಡ್ಡ ತ್ಯಾಗವೇನೂ ಅಲ್ಲ. ಆಮೆಯ ಗೂಡು ಕಂಡಾಗ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಗೂಡಿನ ಸುತ್ತ ಬೇಲಿ ಹಾಕಿ ಕಾಯುವುದರಲ್ಲಿಯೂ ಈ ಭಾಗದ ಮೀನುಗಾರರು ನೆರವಾಗುತ್ತಾರೆ.

ಕಡಲ ತಡಿಯು ನಿಂತಲ್ಲಿ ನಿಲ್ಲುವ ನೆಲವಲ್ಲ. ಮಳೆಗಾಲದ ಬಿರುಸಾದ ಅಲೆಗಳು ಮರಳನ್ನು ಒಳಕ್ಕೆ ಎಳೆದೊಯ್ಯುತ್ತವೆ. ಬೇಸಿಗೆಯ ಶಾಂತ ಅಲೆಗಳು ಅದನ್ನು ಮತ್ತೆ ತಂದು ಹರಡುತ್ತವೆ. ನದಿಗಳು ಘಟ್ಟದಿಂದ ಹೊಸ ಮರಳನ್ನು ತಂದು ಈ ಲೆಕ್ಕವನ್ನು ಸರಿದೂಗಿಸುತ್ತವೆ. ನದಿಗೆ ಅಣೆಕಟ್ಟು ಬಿದ್ದಾಗ ಮರಳಿನ ಒಂದು ಪಾಲು ಮೇಲೆಯೇ ನಿಲ್ಲುತ್ತದೆ. ಅಳಿವೆಯಲ್ಲಿ ಮರಳು ತೆಗೆದಾಗ ಇನ್ನೊಂದು ಪಾಲು ಹೋಗುತ್ತದೆ. ಭೂಮಿಯ ಕಾವು ಏರಿದಂತೆ ಕಡಲ ಮಟ್ಟವೂ ಏರುತ್ತದೆ. ಹೀಗೆ ವೆಚ್ಚ ಹೆಚ್ಚಾಗಿ ಆದಾಯ ಕಡಿಮೆಯಾದರೆ ದಂಡೆ ಕರಗತೊಡಗುತ್ತದೆ. ದೇವಬಾಗದಲ್ಲಿಯೂ ಇತ್ತೀಚಿನ ವರ್ಷಗಳ ಮಳೆಗಾಲದಲ್ಲಿ ಅಲೆಗಳು ದಡವನ್ನು ಕೊರೆದು ಗಾಳಿಮರಗಳನ್ನು ಬುಡಸಮೇತ ಉರುಳಿಸಿವೆ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲದಲ್ಲಿ ಕಟ್ಟಡಗಳನ್ನು ನಿಯಂತ್ರಿಸುವ ಅಧಿಸೂಚನೆಯನ್ನು ಭಾರತ ಸರ್ಕಾರವು 1991ರಲ್ಲಿ ಹೊರಡಿಸಿತು. ಬಳಿಕ ಅದನ್ನು ಪರಿಷ್ಕರಿಸಿ 2011ರಲ್ಲಿಯೂ 2019ರಲ್ಲಿಯೂ ಹೊಸ ಅಧಿಸೂಚನೆಗಳನ್ನು ಹೊರಡಿಸಲಾಯಿತು. ಕಡಲು ಹಿಂದೆ ಮುಂದೆ ಸರಿಯಲು ಒಂದಿಷ್ಟು ಅಂಗಳವನ್ನು ಬಿಟ್ಟುಕೊಡಬೇಕೆಂಬುದು ಇಂತಹ ನಿಯಮಗಳ ತಿರುಳು.

ಇದೇ ಪಾಠವನ್ನು ದೂರದ ದೇಶವೊಂದರಲ್ಲಿಯೂ ಕಾಣಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯದಲ್ಲಿ 1938ರಲ್ಲಿ ಸ್ಥಾಪನೆಯಾದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನಕ್ಕೆ 1953ರಲ್ಲಿ ಪೆಸಿಫಿಕ್ ಸಾಗರದ ತೀರವನ್ನೂ ಸೇರಿಸಲಾಯಿತು. ಹಿಮದ ಶಿಖರ, ಮಳೆಕಾಡು, ಕಡಲ ತೀರ ಮೂರೂ ಒಂದೇ ಉದ್ಯಾನದಲ್ಲಿವೆ. ಅಲ್ಲಿ ಕ್ಲೇಲಾಕ್ ಎಂಬಲ್ಲಿ ಕಡಲಿಗೆ ಎದುರಾದ ದಿಣ್ಣೆಯ ಮೇಲೆ ಸರಳವಾದ ತಂಗುಮನೆಯೊಂದಿದೆ. ದೋಣಿ ಇಳಿಯಲು ಒಳ್ಳೆಯ ಸ್ಥಳವೆಂದು ಅಲ್ಲಿಯ ಮೂಲನಿವಾಸಿಗಳಾದ ಕ್ವಿನಾಲ್ಟ್ ಜನರ ಭಾಷೆಯಲ್ಲಿ ಆ ಹೆಸರಿಗೆ ಅರ್ಥ. ನದಿಗಳು ಕಾಡಿನಿಂದ ಹೊತ್ತು ತಂದ ಬೃಹತ್ ಮರದ ದಿಮ್ಮಿಗಳು ಅಲ್ಲಿಯ ದಡದ ಉದ್ದಕ್ಕೂ ಬಿದ್ದಿರುತ್ತವೆ. ಉಬ್ಬರದ ಹೊತ್ತಿನಲ್ಲಿ ಒಂದು ಅಲೆ ಆನೆಯಷ್ಟು ಭಾರದ ದಿಮ್ಮಿಯನ್ನು ಎತ್ತಿ ಉರುಳಿಸಬಲ್ಲುದೆಂದು ಅಲ್ಲಿ ಪ್ರವಾಸಿಗರನ್ನು ಎಚ್ಚರಿಸಲಾಗುತ್ತದೆ. ಕಾಡಿನ ಮರ ಕಡಲಿಗೆ ಬಂದು, ಕಡಲ ಅಲೆ ಅದನ್ನು ದಡಕ್ಕೆ ಹಾಕುವ ಆ ವ್ಯವಹಾರದಲ್ಲಿ ಮನುಷ್ಯನು ಕೇವಲ ನೋಡುಗನು.

ಅತಿಥಿಯ ಧರ್ಮವನ್ನು ಈಗ ಕೆಲವೇ ಮಾತುಗಳಲ್ಲಿ ಹೇಳಬಹುದು. ಅವನು ಸಂಜೆಯಾದ ಮೇಲೆ ದೀಪವನ್ನು ಮಂದಗೊಳಿಸಬೇಕು. ತಂದ ಪ್ಲಾಸ್ಟಿಕ್ಕನ್ನು ತಾನೇ ಹಿಂದಕ್ಕೆ ಒಯ್ಯಬೇಕು. ಮರಳಿನ ಮೇಲೆ ವಾಹನ ಓಡಿಸಬಾರದು. ಬಲೆ ಒಣಗುವ ಜಾಗವನ್ನು ತುಳಿಯಬಾರದು. ಉಬ್ಬರದ ವೇಳೆಯನ್ನು ಊರಿನವರಿಂದ ಕೇಳಿ ತಿಳಿದು ನೀರಿಗಿಳಿಯಬೇಕು. ಸಿಹಿನೀರನ್ನು ಹಿತಮಿತವಾಗಿ ಬಳಸುವುದನ್ನು ಬಯಲುಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಳದಂಡೆಯ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಅಳತೆ ಮೀರಿ ಸೇದಿದರೆ ಉಪ್ಪುನೀರು ಮೇಲೇರಿ ಬಾವಿ ಕೆಡುತ್ತದೆ. ಬಾವಿಯ ಬೆಲೆಯನ್ನರಿತ ಊರಿನಿಂದ ಬಂದವನು ಕಡಲ ತಡಿಯಲ್ಲಿಯೂ ಆ ಅರಿವನ್ನು ಮರೆಯದಿದ್ದರೆ, ಅವನು ಎದ್ದುಹೋದ ಮರುದಿನ ಆ ದಡದಲ್ಲಿ ಅವನ ಹೆಜ್ಜೆಗುರುತಿನ ಹೊರತು ಮತ್ತೇನೂ ಉಳಿದಿರುವುದಿಲ್ಲ. ಅದನ್ನೂ ಮುಂದಿನ ಉಬ್ಬರವು ಅಳಿಸುತ್ತದೆ.