ಖಾರದೂಟಕ್ಕೆ ತಕ್ಕ ಬಿಯರ್ ಬೆಂಗಳೂರಲ್ಲಿ ಸಿಕ್ಕಿದ್ದು

1980ರ ದಶಕದ ಇಂಗ್ಲೆಂಡಿನ ಕರಿ ಹೋಟೆಲುಗಳಲ್ಲಿ ವಿಂದಾಲೂ ಜತೆಗೆ ಮೇಜಿಗೆ ಬರುತ್ತಿದ್ದದ್ದು ಯುರೋಪಿನ ಲಾಗರ್. ನೋಡಲು ಹೊಂಬಣ್ಣ, ಕುಡಿಯಲು ತಂಪು, ಆದರೆ ಗ್ಯಾಸ್ ವಿಪರೀತ. ಒಂದು ಗ್ಲಾಸ್ ಇಳಿಯುವಷ್ಟರಲ್ಲಿ ಹೊಟ್ಟೆ ಉಬ್ಬರಿಸಿ ನಾನ್ ತಟ್ಟೆಯಲ್ಲೇ ಉಳಿಯುತ್ತಿತ್ತು. ಇಂಗ್ಲಿಷರ ಏಲ್ ಗಂಟಲಲ್ಲಿ ನುಣುಪಾಗಿ ಇಳಿದರೂ ಮಸಾಲೆಯ ಊಟಕ್ಕೆ ತೀರ ಭಾರ. ಹೈದರಾಬಾದಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಕಾನೂನು ಓದಿದ ಕರಣ್ ಬಿಲಿಮೋರಿಯಾ ಅವರ ತಲೆ ಕೊರೆದದ್ದು ಇದೇ ವಿಷಯ. ಲಾಗರಿನ ತಂಪು, ಏಲ್‌ನ ನುಣುಪು ಎರಡೂ ಒಂದೇ ಬಾಟಲಿಯಲ್ಲಿ ಏಕೆ ಇರಬಾರದು?

ಕೈಯಲ್ಲಿ ಬಂಡವಾಳವಿರಲಿಲ್ಲ, ತಲೆಯ ಮೇಲೆ 20,000 ಪೌಂಡ್ ಸಾಲವಿತ್ತು. ಗೆಳೆಯ ಅರ್ಜುನ್ ರೆಡ್ಡಿ ಜತೆ ಭಾರತದಿಂದ ಪೋಲೋ ಕೋಲುಗಳನ್ನು ತರಿಸಿ ಮಾರುತ್ತಿದ್ದ ಹೊತ್ತಿನಲ್ಲೇ ಬೆಂಗಳೂರಿನ ಮೈಸೂರು ಬ್ರೂವರೀಸ್‌ನ ಸಂಪರ್ಕ ಸಿಕ್ಕಿತು. ಕಂಪನಿ ಮುಂದಿಟ್ಟದ್ದು ತನ್ನ ಪಾಲ್ಸ್ ಮತ್ತು ನಾಕೌಟ್ ಬಿಯರುಗಳನ್ನು. ಮೊದಲನೆಯದರ ಹೆಸರು ಬ್ರಿಟನ್ನಿನಲ್ಲಿ ನಾಯಿ ತಿನಿಸನ್ನು ನೆನಪಿಸುತ್ತಿತ್ತು, ಎರಡನೆಯದು ಬಾಕ್ಸಿಂಗ್ ಕಣವನ್ನು. ಹಾಗಾಗಿ ಹೊಸದನ್ನೇ ಮಾಡೋಣ ಎಂದಾಯಿತು. ಈ ಹೆಸರುಗಳ ತೊಡಕು ಬಾರದಿದ್ದರೆ ಇದ್ದುದನ್ನೇ ಹಡಗು ಹತ್ತಿಸುತ್ತಿದ್ದರೇನೋ ಎಂದು ನನಗೆ ಅನ್ನಿಸುತ್ತದೆ.

ಅಲ್ಲಿನ ಬ್ರೂಮಾಸ್ಟರ್ ಡಾ. ಕಾರಿಯಪ್ಪ ಪ್ರಾಗ್‌ನಲ್ಲಿ ಓದಿ ಬಂದವರು. ತಿಳಿ ಲಾಗರಿನ ತವರಾದ ಪಿಲ್ಸೆನ್ ಇರುವುದು ಅದೇ ಚೆಕ್ ನಾಡಿನಲ್ಲಿ. 1842ರಲ್ಲಿ ಯೋಸೆಫ್ ಗ್ರೋಲ್ ಮೊದಲ ಹೊಂಬಣ್ಣದ ಲಾಗರ್ ಕುದಿಸಿದ್ದು ಅಲ್ಲೇ. ಬಿಲಿಮೋರಿಯಾಗೆ ಬೇಕಾದ ರುಚಿ ಗೊತ್ತಿತ್ತು, ಕಾರಿಯಪ್ಪನವರಿಗೆ ಅದನ್ನು ತರುವ ದಾರಿ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಇಬ್ಬರೂ ಕೂತು ಮಾಡಿ, ಸವಿದು, ತಿದ್ದಿದರು. ಬಾರ್ಲಿ ಮಾಲ್ಟ್ ಜತೆಗೆ ಅಕ್ಕಿ, ಮೆಕ್ಕೆಜೋಳ, ಗೋಧಿ ಸೇರಿದವು. ಅಕ್ಕಿ ಮತ್ತು ಮೆಕ್ಕೆಜೋಳ ಬಿಯರಿನ ಮೈಯನ್ನು ಹಗುರ ಮಾಡುತ್ತವೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಸೇರಿಸಿದ್ದಲ್ಲ, ತೆಗೆದದ್ದು: ಗ್ಯಾಸ್.

ಸಾಮಾನ್ಯ ಲಾಗರಿನ ಒಂದು ಲೀಟರಿನಲ್ಲಿ ಸುಮಾರು 5 ಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಪೀಪಾಯಿಯಿಂದ ಬಗ್ಗಿಸುವ ಇಂಗ್ಲಿಷ್ ಏಲ್‌ನಲ್ಲಿ ಅದರ ಅರ್ಧದಷ್ಟು. ನಾಲಗೆಯ ಮೇಲೆ ಈ ಅನಿಲ ಆಮ್ಲವಾಗಿ ಬದಲಾಗಿ ನೋವಿನ ನರಗಳನ್ನು ಚುಚ್ಚುತ್ತದೆ. ಸಾಸಿವೆಯ ಘಾಟಿಗೆ ಮಿಡಿಯುವ ನರಗಳ ಗ್ರಾಹಕವೇ (ರಿಸೆಪ್ಟರ್) ಸೋಡಾದ ಚುಚ್ಚನ್ನೂ ಗ್ರಹಿಸುತ್ತದೆ ಎಂದು ವಿಜ್ಞಾನಿಗಳು ತೋರಿಸಿದ್ದು 2010ರಲ್ಲಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವ ಗ್ರಾಹಕವನ್ನು ಡೇವಿಡ್ ಜೂಲಿಯಸ್ ತಂಡ ಪತ್ತೆಹಚ್ಚಿದ್ದು 1997ರಲ್ಲಿ. ಅವರಿಗೆ 2021ರಲ್ಲಿ ನೊಬೆಲ್ ಬಂತು. ಆಲ್ಕೋಹಾಲ್ ಕೂಡ ಅದೇ ಗ್ರಾಹಕವನ್ನು ಇನ್ನಷ್ಟು ಸೂಕ್ಷ್ಮವಾಗಿಸುತ್ತದೆ. ಅಂದರೆ ಗ್ಯಾಸ್ ಜಾಸ್ತಿಯಿರುವ ಸ್ಟ್ರಾಂಗ್ ಬಿಯರ್ ಖಾರವನ್ನು ಆರಿಸುವುದಿಲ್ಲ, ಉರಿಯ ಮೇಲೆ ಉರಿ ಹಚ್ಚುತ್ತದೆ. ಈ ಯಾವ ಸಂಶೋಧನೆಯೂ ಇರದ ಕಾಲದಲ್ಲಿ, ಬರೀ ನಾಲಗೆಯನ್ನು ನಂಬಿ ಬೆಂಗಳೂರಿನಲ್ಲಿ ಇಬ್ಬರು ಸರಿಯಾದ ಕಡೆಗೇ ಹೊರಟಿದ್ದರು. ಇದರ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆ.

ಮೊದಲು ಗೊತ್ತುಮಾಡಿದ್ದ ಹೆಸರು ಪ್ಯಾಂಥರ್. ಅದು ಗಿರಾಕಿಗಳಿಗೆ ಹಿಡಿಸಲಿಲ್ಲ, ಕೋಬ್ರಾ ಆಯಿತು. 1990ರಲ್ಲಿ 650 ಮಿಲಿಲೀಟರ್ ಬಾಟಲಿಗಳು ಬೆಂಗಳೂರಿನಿಂದ ಇಂಗ್ಲೆಂಡಿಗೆ ಹೋದವು. ಹಳೆಯ ಸಿಟ್ರೋಯೆನ್ ಕಾರಿನಲ್ಲಿ ಕೇಸುಗಳನ್ನು ಹೇರಿಕೊಂಡು ಬಿಲಿಮೋರಿಯಾ ಹೋಟೆಲಿನಿಂದ ಹೋಟೆಲಿಗೆ ತಿರುಗಿದರು. ಮುಂದೆ ತಯಾರಿಕೆ ಇಂಗ್ಲೆಂಡಿನದೇ ಬೆಡ್‌ಫರ್ಡ್‌ಗೆ, ಆಮೇಲೆ ಬರ್ಟನ್‌ಗೆ ಹೋಯಿತು.

ಅವರು ಹುಡುಕಿದ ಗುಣವನ್ನು ಯಾವ ತಿಳಿ ಲಾಗರಿನಲ್ಲಾದರೂ ಪರೀಕ್ಷಿಸಬಹುದು. ಬಿಯರನ್ನು ಬರಿಬಾಯಲ್ಲಿ ಸವಿದು ತೀರ್ಪು ಕೊಡಬೇಡಿ. ಮೊದಲು ಕೋಳಿ ಸಾರಿನ ಒಂದು ತುತ್ತು, ಆಮೇಲೆ ಗುಟುಕು. ಗ್ಲಾಸಿಗೆ ಸ್ವಲ್ಪ ಎತ್ತರದಿಂದ ಬಗ್ಗಿಸಿ ನೊರೆ ಏಳಲು ಬಿಟ್ಟರೆ ಒಂದಿಷ್ಟು ಚುಚ್ಚು ಅಲ್ಲೇ ಹೋಗುತ್ತದೆ. ಹಾಪ್ಸ್‌ನ ಕಹಿ ಮುಂದೆ ನಿಂತರೆ ಆ ಬಾಟಲಿ ಈ ಊಟದ್ದಲ್ಲ. ಗುಟುಕಿನ ನಂತರ ಕೊತ್ತಂಬರಿ, ಚಕ್ಕೆ, ಹುರಿದ ತೆಂಗಿನಕಾಯಿ ಒಂದೊಂದಾಗಿ ಗೊತ್ತಾದರೆ, ಕೈ ತಾನಾಗಿ ಮುಂದಿನ ತುತ್ತಿಗೆ ಹೋದರೆ, ಅದನ್ನೇ ಇನ್ನೊಂದು ತರಿಸಿ.